ಸಾಸಿವೆ ಕಾಳಿನಷ್ಟು ಬಿಸ್ಮತ್: ಹುಬ್ಬಳ್ಳಿಯ ಎರಕದ ಘಟಕವೊಂದರ ಪ್ರಕರಣ

ಇಲ್ಲಿ ಘಟಕದ ಹೆಸರಿಲ್ಲ, ಗಿರಾಕಿಯ ಹೆಸರಿಲ್ಲ, ಜನರ ಹೆಸರೂ ಇಲ್ಲ. ಊರು ಹುಬ್ಬಳ್ಳಿ ಎನ್ನುವುದನ್ನು ಮಾತ್ರ ಮುಚ್ಚಿಟ್ಟಿಲ್ಲ. ಆ ಒಂದು ವರ್ಷ ಧಾರವಾಡದಿಂದ ವಾರಕ್ಕೆರಡು ಸಲ ಚಿಗರಿ ಬಸ್ಸು ಹಿಡಿದು ನಾನು ಆ ಘಟಕಕ್ಕೆ ಸಲಹೆಗಾರನಾಗಿ ಹೋಗುತ್ತಿದ್ದೆ. ಮುಂದೆ ಬರುವ ತಪ್ಪುಗಳಲ್ಲಿ ಒಂದು, ಅದೂ ದೊಡ್ಡದೇ, ನನ್ನದು.

ಹಿನ್ನೆಲೆ

ಹುಬ್ಬಳ್ಳಿಗೆ ಕೈಗಾರಿಕಾ ವಾಲ್ವುಗಳ ಹಳೆಯ ನಂಟಿದೆ. ಈ ಘಟಕವೂ ವರ್ಷಗಟ್ಟಲೆ ಮಾಡಿಕೊಂಡು ಬಂದದ್ದು ಅದನ್ನೇ: ಮೇಣದ ಮಾದರಿ ಮಾಡಿ, ಅದರ ಮೇಲೆ ಸೆರಾಮಿಕ್ ಚಿಪ್ಪು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸುರಿಯುವ ಎರಕ. ಅದರಲ್ಲಿ ಕೈ ಪಳಗಿದ ಮೇಲೆ ಮಾಲಕರು 50 ಕೆ.ಜಿ. ಹಿಡಿಯುವ ಒಂದು ನಿರ್ವಾತ ಇಂಡಕ್ಷನ್ ಕುಲುಮೆ ತಂದರು. ಡೀಸೆಲ್ ಎಂಜಿನ್ನುಗಳ ಟರ್ಬೊಚಾರ್ಜರಿಗೆ ಟರ್ಬೈನ್ ಚಕ್ರ ಎರೆದುಕೊಡುವ ಆರ್ಡರು ಬಂತು. ಲೋಹ 713ಸಿ ಎಂಬ ನಿಕ್ಕಲ್ ಸೂಪರ್ ಅಲಾಯ್, ಅಂದರೆ ಹೆಚ್ಚು ಬಿಸಿಯಲ್ಲೂ ಗಟ್ಟಿಯಾಗಿ ನಿಲ್ಲುವ ಮಿಶ್ರಲೋಹ.

ಈ ಲೋಹದ ಕತೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 713ಸಿಯಲ್ಲಿ ಕ್ರೋಮಿಯಂ ಶೇ. 12ರಿಂದ 14, ಅಲ್ಯುಮಿನಿಯಂ ಶೇ. 6ರ ಸುಮಾರು, ಮಾಲಿಬ್ಡಿನಂ ಶೇ. 4ಕ್ಕೆ ತುಸು ಮೇಲೆ, ನಿಯೋಬಿಯಂ ಶೇ. 2, ಟೈಟೇನಿಯಂ ಶೇ. 1ರೊಳಗೆ, ಉಳಿದದ್ದು ನಿಕ್ಕಲ್. ನಿಕ್ಕಲ್ ಜೊತೆ ಅಲ್ಯುಮಿನಿಯಂ ಮತ್ತು ಟೈಟೇನಿಯಂ ಕೂಡಿ ಗಾಮಾ ಪ್ರೈಮ್ ಎಂಬ ಅತಿ ಸಣ್ಣ ಗಟ್ಟಿಗಳಾಗಿ ಲೋಹದ ತುಂಬ ಹರಡಿಕೊಳ್ಳುತ್ತವೆ. ಕೆಂಪಗೆ ಕಾದಾಗಲೂ ಲೋಹ ಜಗ್ಗದಂತೆ ತಡೆಯುವುದು ಈ ಗಟ್ಟಿಗಳು. ಆದರೆ ಪ್ರತಿ ಹರಳಿನ ಒಳಗೆ ಎಷ್ಟೇ ಗಟ್ಟಿತನ ತುಂಬಿದರೂ ಹರಳು-ಹರಳಿನ ನಡುವಿನ ಗಡಿ ಉಳಿದೇ ಉಳಿಯುತ್ತದೆ. ತಣ್ಣಗಿರುವಾಗ ಆ ಗಡಿ ಹರಳಿಗಿಂತ ಗಟ್ಟಿ. 900 ಡಿಗ್ರಿ ದಾಟಿತೆಂದರೆ ಲೆಕ್ಕ ತಿರುಗುಮುರುಗು. ಹೊರೆ ಹೊತ್ತು ನಿಂತ ಲೋಹದಲ್ಲಿ ಗಡಿಯ ಮೇಲೆ ಸೂಜಿಮೊನೆಗಿಂತ ಸಣ್ಣ ಪೊಳ್ಳುಗಳು ಹುಟ್ಟುತ್ತವೆ, ಬೆಳೆಯುತ್ತವೆ, ಒಂದಕ್ಕೊಂದು ಕೂಡಿ ಬಿರುಕಾಗುತ್ತವೆ.

ಆ ಗಡಿಯನ್ನು ಬಿಗಿಗೊಳಿಸಲೆಂದೇ ಲೋಹಶಾಸ್ತ್ರಜ್ಞರು 713ಸಿಗೆ ಶೇ. 0.012ರಷ್ಟು ಬೋರಾನ್, ಶೇ. 0.1ರಷ್ಟು ಜಿರ್ಕೋನಿಯಂ ಬೇಕೆಂದೇ ಹಾಕುತ್ತಾರೆ. ಹತ್ತು ಸಾವಿರದಲ್ಲಿ ಒಂದು ಪಾಲಿನ ಬೋರಾನ್ ಲೋಹದ ಬಾಳಿಕೆಯನ್ನು ಹೆಚ್ಚಿಸಬಲ್ಲದು ಎನ್ನುವುದನ್ನು ನಂಬುವವರು, ದಶಲಕ್ಷದಲ್ಲಿ ಒಂದೆರಡು ಪಾಲಿನ ಬಿಸ್ಮತ್ ಎಂಬ ಲೋಹ ಅದನ್ನು ಮುರಿಯಬಲ್ಲದು ಎಂದರೆ ಯಾಕೋ ನಂಬಲು ಹಿಂಜರಿಯುತ್ತಾರೆ. ಬಿಸ್ಮತ್, ಸೀಸ, ಟೆಲ್ಯುರಿಯಂ, ಥ್ಯಾಲಿಯಂಗಳ ಪರಮಾಣು ದೊಡ್ಡದು, ನಿಕ್ಕಲ್ಲಿನ ಹರಳೊಳಗೆ ಅವಕ್ಕೆ ಜಾಗವಿಲ್ಲ. ಹೋಗಿ ಕೂರುವುದು ಗಡಿಯಲ್ಲೇ. ಅಲ್ಲಿ ಕೂತು ಪೊಳ್ಳು ಹುಟ್ಟುವ ಕೆಲಸವನ್ನು ಸಲೀಸು ಮಾಡುತ್ತವೆ. ಅದಕ್ಕೇ ಸೂಪರ್ ಅಲಾಯ್ ಎರಕಗಳಿಗೆ ಬಳಸುವ ಮಾನದಂಡದಲ್ಲಿ ಬಿಸ್ಮತ್‌ಗೆ 0.5 ಪಿಪಿಎಂ, ಸೀಸಕ್ಕೆ 5 ಪಿಪಿಎಂ ಎಂಬ ಮಿತಿ. ತವರಕ್ಕೆ 50 ಪಿಪಿಎಂವರೆಗೂ ರಿಯಾಯಿತಿ ಇದೆ. ಒಂದು ಪಿಪಿಎಂ ಎಂದರೆ ಒಂದು ಟನ್ನಿಗೆ ಒಂದು ಗ್ರಾಂ. 50 ಕೆ.ಜಿ. ಕುಲುಮೆಗೆ 0.5 ಪಿಪಿಎಂ ಲೆಕ್ಕ ಹಾಕಿದರೆ 25 ಮಿಲಿಗ್ರಾಂ ಬಿಸ್ಮತ್, ಸುಮಾರು ಒಂದು ಸಾಸಿವೆ ಕಾಳಿನ ಗಾತ್ರ.

ಕುಸಿತ

ಚಕ್ರದ ಜೊತೆಗೇ ಎರೆದ ಪರೀಕ್ಷಾ ಸರಳನ್ನು 982 ಡಿಗ್ರಿಗೆ ಕಾಯಿಸಿ, 152 ಮೆಗಾಪಾಸ್ಕಲ್ ಹೊರೆ ಹಾಕಿ ಬಿಟ್ಟರೆ ಕನಿಷ್ಠ 30 ತಾಸು ಮುರಿಯದೆ ನಿಲ್ಲಬೇಕು ಎಂಬುದು ಗಿರಾಕಿಯ ಷರತ್ತು. ಡೀಸೆಲ್ ಟರ್ಬೊದಲ್ಲಿ ಅಷ್ಟು ಬಿಸಿ ಇರುವುದಿಲ್ಲ. ವರ್ಷಗಳಲ್ಲಿ ಆಗುವುದನ್ನು ತಾಸುಗಳಲ್ಲಿ ಕಾಣಲು ಈ ಕಠಿಣ ಪರೀಕ್ಷೆ. ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸಿ ಎರೆಯುವ ಲೋಹಕ್ಕೆ ಹೀಟು ಎನ್ನುತ್ತಾರೆ. ಯುಗಾದಿಯ ಹೊತ್ತಿಗೆ ಎರೆದ ಮೊದಲ ಹೀಟುಗಳು 47, 52, 58 ತಾಸು ನಿಂತವು. ಮುರಿಯುವ ಮೊದಲು ಶೇ. 6ರಿಂದ 8ರಷ್ಟು ಜಗ್ಗಿದ್ದವು. ಮಾಲಕರು ಎಲ್ಲರಿಗೂ ಫೇಡೆ ಹಂಚಿದರು.

ಪ್ರತಿ ಹೀಟಿಗೂ ಈ ಪರೀಕ್ಷೆ ಮಾಡಿಸುವುದು ದುಬಾರಿ, ಐದು ಹೀಟಿಗೊಮ್ಮೆ ಸಾಕು ಎಂದು ಗಿರಾಕಿಯೂ ಒಪ್ಪಿಕೊಂಡ. ಆಮೇಲೆ ಬಂದದ್ದು ರಿವರ್ಟಿನ, ಅಂದರೆ ಮತ್ತೆ ಕರಗಿಸಿ ಬಳಸುವ ಉಳಿಕೆ ಲೋಹದ ವಿಚಾರ. ಎರಕದಲ್ಲಿ ಸುರಿದ ಲೋಹದ ಅರ್ಧಕ್ಕಿಂತ ಹೆಚ್ಚು ಪಾಲು ಹರಿನಾಳ, ಬುಡ, ಕುತ್ತಿಗೆಗಳಲ್ಲಿ ಉಳಿಯುತ್ತದೆ. ತಿರಸ್ಕೃತ ಚಕ್ರಗಳು ಬೇರೆ. ಈ ಬೆಲೆಬಾಳುವ ಲೋಹವನ್ನು ಮತ್ತೆ ಕರಗಿಸದೆ ಯಾವ ಘಟಕವೂ ಬದುಕಲಾರದು. ಮಳೆಗಾಲ ಶುರುವಾಗುವ ಹೊತ್ತಿಗೆ ಪ್ರತಿ ಹೀಟಿನಲ್ಲಿ ಶೇ. 45 ರಿವರ್ಟ್, ಉಳಿದದ್ದು ಹೊರಗಿನಿಂದ ಬಂದ ಹೊಸ ಲೋಹ. ಜೂನಿನಲ್ಲಿ ಹಾಗೆ ಎರೆದ ಹೀಟು 49 ತಾಸು ನಿಂತಿತು. ರಿವರ್ಟಿಗೆ ಹಸಿರು ನಿಶಾನೆ ಸಿಕ್ಕಂತಾಯಿತು.

ಆಗಸ್ಟ್ ಕೊನೆಗೆ ಬಂದ ವರದಿ: 19 ತಾಸು, ಜಗ್ಗಿದ್ದು ಶೇ. 1.8. ಅದರ ಬೆನ್ನಿಗೇ ಇನ್ನೊಂದು ಹೀಟು: 14 ತಾಸು.

ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಅಕ್ಕಾರು ಎರಡೂ ವರದಿ ಮೇಜಿನ ಮೇಲಿಟ್ಟು, "ಸರ, ರಸಾಯನ ಬರೋಬ್ಬರಿ ಐತಿ. ಕೋಣೆಯ ಉಷ್ಣತೆದಾಗಿನ ಟೆನ್ಸೈಲ್ ಬರೋಬ್ಬರಿ ಐತಿ. ಎಕ್ಸ್‌ರೇ ಬರೋಬ್ಬರಿ ಐತಿ. ಬಿಸಿ ಮಾಡಿದ್ರಷ್ಟ ಸಾಯ್ತೈತಿ" ಅಂದರು. ನಿಜಕ್ಕೂ ರೋಗದ ಪೂರ್ತಿ ವಿವರಣೆ ಆ ಒಂದು ಮಾತಿನಲ್ಲೇ ಇತ್ತು. ತಣ್ಣಗಿದ್ದಾಗ ಗಟ್ಟಿ, ಬಿಸಿಯಲ್ಲಿ ಮಾತ್ರ ದುರ್ಬಲ, ಜಗ್ಗದೆಯೇ ಮುರಿಯುವುದು. ಮೂರೂ ಹರಳಿನ ಗಡಿಯ ಕಡೆಗೇ ಕೈ ತೋರಿಸುತ್ತಿದ್ದವು. ಕೇಳಿಸಿಕೊಂಡೆ, ಆದರೆ ಪೂರ್ತಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಆರು ವಾರ

ಮೊದಲು ಪರೀಕ್ಷೆ ಮಾಡಿದವರ ಮೇಲೆ ಅನುಮಾನ. ಸರಳನ್ನು ಸೊಟ್ಟಗೆ ಹಿಡಿದಿದ್ದರೂ ತಾಸು ಕಡಿಮೆ ಬರುತ್ತದೆ, ಹಾಗಾಗಿ ಅದೇ ಹೀಟಿನ ಸರಳುಗಳನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿದೆವು. 17 ತಾಸು. ಅಲ್ಲಿಗೆ ಆ ಮಾತು ಮುಗಿಯಿತು. ಚಿಪ್ಪಿನ ಬಿಸಿ, ಸುರಿಯುವ ಬಿಸಿ, ಹರಳಿನ ಗಾತ್ರ ಎಂದು ಇನ್ನೆರಡು ವಾರ ಹೋದವು. ಹೇಳುವಂಥದ್ದೇನೂ ಸಿಗಲಿಲ್ಲ.

ಮೂರನೆಯದು ನನ್ನ ಸಲಹೆ. ಗಡಿ ದುರ್ಬಲವಾಗಿದ್ದರೆ ಗಡಿಯನ್ನು ಬಲಪಡಿಸುವ ಬೋರಾನ್, ಜಿರ್ಕೋನಿಯಂ ಮಿತಿಯ ಮೇಲಂಚಿಗೆ ಒಯ್ಯೋಣ ಅಂದೆ. ಕಾರಣ ಗೊತ್ತಿಲ್ಲದೆ ಔಷಧ ಕೊಟ್ಟ ಹಾಗೆ. ಒಂದು ಸರಳು 26 ತಾಸು ನಿಂತಿತು, ಇನ್ನೊಂದು 21. ಏರಿತಲ್ಲ ಎಂದು ಖುಷಿಪಟ್ಟೆವು. ಚಿಪ್ಪು ಒಡೆದು ನೋಡಿದರೆ 11 ಚಕ್ರಗಳಲ್ಲಿ ರೆಕ್ಕೆಯ ಬುಡಕ್ಕೇ ಬಿಸಿ ಬಿರುಕು. ಬೋರಾನ್-ಜಿರ್ಕೋನಿಯಂ ಜಾಸ್ತಿಯಾದರೆ ಕೊನೆಗೆ ಗಟ್ಟಿಯಾಗುವ ದ್ರವ ತೆಳ್ಳಗೆ ಗಡಿಯುದ್ದಕ್ಕೂ ಉಳಿಯುತ್ತದೆ. ಎರಕ ಕುಗ್ಗುವಾಗ ಅಲ್ಲೇ ಹರಿಯುತ್ತದೆ. ಪುಸ್ತಕದಲ್ಲಿ ಓದಿದ್ದು, ತರಗತಿಯಲ್ಲಿ ಹೇಳಿದ್ದು, ಕೆಲಸದ ಹೊತ್ತಿಗೆ ಮರೆತದ್ದು.

ನಾಲ್ಕನೆಯ ಪ್ರಯತ್ನ ತರ್ಕಬದ್ಧವಾಗಿತ್ತು. ನಮ್ಮನ್ನು ಅತಿ ಹೆಚ್ಚು ದಾರಿತಪ್ಪಿಸಿದ್ದೂ ಅದೇ. ರಿವರ್ಟ್ ಒಂದು ಚೂರೂ ಇಲ್ಲದೆ ಬರೀ ಹೊಸ ಲೋಹದ ಒಂದು ಹೀಟು ಎರೆದೆವು. ರಿವರ್ಟಿನದೇ ತಪ್ಪಾಗಿದ್ದರೆ ಇದು 50 ತಾಸು ನಿಲ್ಲಬೇಕು. ಬಂದದ್ದು 27 ಮತ್ತು 29. ಕೆಟ್ಟದ್ದಕ್ಕಿಂತ ಒಳ್ಳೆಯದು, ಒಳ್ಳೆಯದಕ್ಕಿಂತ ಕೆಟ್ಟದ್ದು.

ಮಾಲಕರು ಕುರ್ಚಿಯಿಂದ ಎದ್ದೇಬಿಟ್ಟರು. "ಅಂದ್ರ ರಿವರ್ಟಿಂದು ಏನೂ ತಪ್ಪಿಲ್ಲಂತಾತು. ಹೊಸಾ ಮಾಲ್ ಕೊಟ್ಟಾನಲ್ಲ, ಅವನ್ನ ಹಿಡೀರಿ."

ನಾವು ನಿಜವಾಗಿಯೂ ಅವನನ್ನೇ ಹಿಡಿದೆವು. ಎರಡು ವಾರ ಕಾಗದಪತ್ರ ಓಡಾಡಿದವು. ಆತನ ಪ್ರಮಾಣಪತ್ರದಲ್ಲಿ ಬಿಸ್ಮತ್ 0.2 ಪಿಪಿಎಂಗಿಂತ ಕಡಿಮೆ ಎಂದಿತ್ತು. ನಾವು ನಂಬಲಿಲ್ಲ. ಪಾಪ, ಆ ಮನುಷ್ಯನಿಗೆ ನಂತರ ಫೋನು ಮಾಡಿ ಕ್ಷಮೆ ಕೇಳಿದೆ.

ಮೌನವಾಗಿದ್ದ ಯಂತ್ರಗಳು

ನಡುವೆ ಮುರಿದ ಸರಳೊಂದನ್ನು ಎಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಸಿದೆವು. ಹಳೆಯ ಸರಳಿನ ಮುರಿದ ಮೈ ಹರಿದ ಬಟ್ಟೆಯಂತೆ ಒರಟಾಗಿತ್ತು. ಇದರದು ಕಲ್ಲುಸಕ್ಕರೆ ಹೆಂಟೆ ಒಡೆದಂತೆ, ಹರಳುಗಳ ನುಣುಪು ಮುಖಗಳು ಒಂದರ ಪಕ್ಕ ಒಂದು. ಮುಖಗಳ ಮೇಲೆ ಪೊಳ್ಳುಗಳ ಗುರುತು. ಗಡಿಯಲ್ಲೇ ಬಿಟ್ಟುಕೊಂಡಿದೆ ಎನ್ನುವುದಕ್ಕೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಅದೇ ಯಂತ್ರಕ್ಕೆ ಅಂಟಿದ ಎಕ್ಸ್‌ರೇ ವಿಶ್ಲೇಷಕವನ್ನು ಆ ಮುಖದ ಮೇಲೆ ಇಟ್ಟಾಗ ನಿಕ್ಕಲ್, ಕ್ರೋಮಿಯಂ, ಅಲ್ಯುಮಿನಿಯಂ... ಬೇರೇನೂ ಇಲ್ಲ. "ಕ್ಲೀನ್ ಐತ್ರೀ ಸರ" ಎಂದು ಅಲ್ಲಿದ್ದ ಹುಡುಗ ಹೇಳಿದ, ನಾವು ಹಾಗೇ ಬರೆದುಕೊಂಡೆವು. ಆ ವಿಶ್ಲೇಷಕಕ್ಕೆ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಇದ್ದದ್ದು ಕಾಣುವುದು ಕಷ್ಟ. ಬಿಸ್ಮತ್ ಗಡಿಯ ಮೇಲೆ ಒಂದೆರಡು ಪರಮಾಣುಗಳ ದಪ್ಪದಲ್ಲಿ ಕೂತಿದ್ದರೆ ಅದರ ಕಣ್ಣಿಗೆ ಬೀಳುವ ಮಾತೇ ಇಲ್ಲ.

ಲೋಹದಲ್ಲಿ ಯಾವುದು ಎಷ್ಟಿದೆ ಎಂದು ಅಳೆಯುವ ನಮ್ಮದೇ ಸ್ಪೆಕ್ಟ್ರೋಮೀಟರಿನ ಕತೆ ಇನ್ನೂ ಚೆನ್ನಾಗಿದೆ. ಅದರ ಮುದ್ರಿತ ಪಟ್ಟಿಯಲ್ಲಿ ಬಿಸ್ಮತ್‌ಗೆ ಒಂದು ಅಂಕಣವೇ ಇತ್ತು. ಪ್ರತಿ ಹೀಟಿನಲ್ಲೂ ಅದರ ಮುಂದೆ "ಶೇ. 0.001ಕ್ಕಿಂತ ಕಡಿಮೆ". ನಾವೆಲ್ಲ ಸೊನ್ನೆಗಳ ಸಾಲು ನೋಡಿ ಸಮಾಧಾನಪಟ್ಟುಕೊಂಡು ಟಿಕ್ ಹಾಕಿದ್ದೆವು. ಒಂದು ರಾತ್ರಿ ಅಕ್ಕಾರು ಫೋನು ಮಾಡಿ, "ಸರ, ಶೇಕಡಾ 0.001 ಅಂದ್ರ 10 ಪಿಪಿಎಂ ಅಲ್ರೀ? ನಮ್ಮ ಮಿತಿ 0.5. ಮಿತಿಯ ಇಪ್ಪತ್ತು ಪಟ್ಟು ಇದ್ರೂ ಈ ಮಷಿನ್ 'ಇಲ್ಲ' ಅಂತನ ಬರಿತೈತಿ" ಅಂದರು. ಪ್ರಕರಣ ತಿರುಗಿದ್ದು ಅಲ್ಲಿ ಅಂತ ನನ್ನ ಲೆಕ್ಕ. ಆವರೆಗೆ ನಮಗೆ ಸಿಕ್ಕ "ಸರಿಯಿದೆ"ಗಳೆಲ್ಲ ನೋಡಲಾರದ ಕಣ್ಣಿನ ಸಾಕ್ಷಿಗಳಾಗಿದ್ದವು.

ಪಿಪಿಎಂನ ಹತ್ತನೇ ಪಾಲನ್ನೂ ಅಳೆಯಬಲ್ಲ ಗ್ಲೋ ಡಿಸ್ಚಾರ್ಜ್ ಮಾಸ್ ಸ್ಪೆಕ್ಟ್ರೋಮೀಟರಿಗೆ ಮಾದರಿ ಕಳಿಸುವುದೆಂದಾಯಿತು. ದುಬಾರಿ, ಮೂರು ವಾರ ಕಾಯಬೇಕು. ಮಾಲಕರು ಕೆಟ್ಟ ಸರಳೊಂದನ್ನೇ ಕಳಿಸಿದರೆ ಸಾಕು ಅಂದರು. ಅಕ್ಕಾರು ಪಟ್ಟುಹಿಡಿದು ಮೂರು ಕಳಿಸಿದರು: ಯುಗಾದಿ ಹೊತ್ತಿನ ಒಳ್ಳೆಯ ಹೀಟಿನದು, 14 ತಾಸಿಗೆ ಸತ್ತದ್ದು, ಮತ್ತು ಬರೀ ಹೊಸ ಲೋಹದ 27 ತಾಸಿನದು. ಈ ಮೂರನೆಯ ಮಾದರಿ ಇಲ್ಲದಿದ್ದರೆ ಮುಂದಿನದು ನಮಗೆ ಬಿಡಿಸಲಾಗುತ್ತಿರಲಿಲ್ಲ.

ತವರ ಹೇಳಿದ ಸುಳಿವು

ವರದಿ ಬಂದದ್ದು ಖಂಡೇನವಮಿ ಮುಗಿದ ವಾರ. ಕುಲುಮೆಯ ಮೈ ತೊಳೆದು, ಬಣ್ಣ ಬಳಿದು, ಚೆಂಡುಹೂವಿನ ಮಾಲೆ ಹಾಕಿದ್ದು ಇನ್ನೂ ಪೂರ್ತಿ ಒಣಗಿರಲಿಲ್ಲ.

ಒಳ್ಳೆಯ ಹೀಟಿನಲ್ಲಿ ಬಿಸ್ಮತ್ 0.1 ಪಿಪಿಎಂಗಿಂತ ಕಡಿಮೆ, ಸೀಸ 0.4, ತವರ 2. ಕೆಟ್ಟದ್ದರಲ್ಲಿ ಬಿಸ್ಮತ್ 2.8, ಸೀಸ 2.1, ತವರ 6. ಹೊಸ ಲೋಹದ ಹೀಟಿನಲ್ಲಿ ಬಿಸ್ಮತ್ 0.9, ಸೀಸ 0.8, ತವರ 2.

ಸೀಸ ಮಿತಿಯೊಳಗೇ ಇತ್ತು. ತವರವಂತೂ ಮಿತಿಯ ಹತ್ತಿರಕ್ಕೂ ಬಂದಿರಲಿಲ್ಲ. ಅಪರಾಧಿ ಬಿಸ್ಮತ್ ಒಂದೇ. 2.8 ಪಿಪಿಎಂ ಎಂದರೆ 50 ಕೆ.ಜಿ.ಯಲ್ಲಿ 140 ಮಿಲಿಗ್ರಾಂ, ಅರ್ಧ ಜೋಳದ ಕಾಳಿನಷ್ಟು. ಆದರೆ ದಾರಿ ತೋರಿಸಿದ್ದು ಅಪರಾಧಿಯಲ್ಲ, ಜೊತೆಗಿದ್ದ ತವರ. ಕೆಟ್ಟ ಹೀಟಿನಲ್ಲಿ ತವರ 2ರಿಂದ 6ಕ್ಕೆ ಏರಿದೆ. ಹೊಸ ಲೋಹದ ಹೀಟಿನಲ್ಲಿ ಬಿಸ್ಮತ್, ಸೀಸ ಎರಡೂ ಏರಿವೆ, ತವರ ಮಾತ್ರ 2ರಲ್ಲೇ ನಿಂತಿದೆ. ಯಾಕೆ?

ಬಿಸ್ಮತ್ 1564 ಡಿಗ್ರಿಗೆ, ಸೀಸ 1749 ಡಿಗ್ರಿಗೆ ಕುದಿಯುತ್ತವೆ. ಕರಗಿದ ನಿಕ್ಕಲ್ಲಿನ ಬಿಸಿಯಲ್ಲಿ, ಅದೂ ನಿರ್ವಾತದಲ್ಲಿ, ಇವೆರಡೂ ಆವಿಯಾಗಿ ಹಾರಿಹೋಗಲು ತುದಿಗಾಲಲ್ಲಿ ನಿಂತಿರುತ್ತವೆ. ತವರದ ಕುದಿಬಿಂದು 2600 ಡಿಗ್ರಿ, ಅದು ಬಿದ್ದಲ್ಲೇ ಬಿದ್ದಿರುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಯುಟಿಕಾದಲ್ಲಿ ಫಾಲಿಹ್ ಡರ್ಮಾರಾ ಮತ್ತು ಜೊತೆಗಾರರು ಸೂಪರ್ ಅಲಾಯ್‌ಗಳನ್ನು ನಿರ್ವಾತದಲ್ಲಿ ಕರಗಿಸತೊಡಗಿದ ಮೇಲೆ ಈ ಲೋಹಗಳ ಗುಣ ಒಮ್ಮೆಗೇ ಸುಧಾರಿಸಿದ್ದರಲ್ಲಿ ಇಂಥ ಕಸ ಹಾರಿಹೋಗುವುದರ ಪಾಲೂ ಇದೆ. ಆದರೆ ಹಾರಿದ್ದು ಹೋಗುವುದೆಲ್ಲಿಗೆ? ಎಲ್ಲವೂ ಪಂಪಿನವರೆಗೆ ಹೋಗುವುದಿಲ್ಲ. ಕುಲುಮೆಯ ತಣ್ಣನೆಯ ಗೋಡೆಗೆ, ಮುಚ್ಚಳದ ಒಳಮೈಗೆ ಕಪ್ಪು ಮಸಿಯಾಗಿ ಹತ್ತಿಕೊಳ್ಳುತ್ತದೆ. ಮುಂದಿನ ಹೀಟಿನಲ್ಲಿ ಆ ಮಸಿ ಉದುರುತ್ತದೆ, ಕಾದು ಮತ್ತೆ ಆವಿಯಾಗುತ್ತದೆ, ಲೋಹಕ್ಕೆ ಬೀಳುತ್ತದೆ.

ಅಂದರೆ ಕೆಟ್ಟ ಹೀಟಿಗೆ ಬಿಸ್ಮತ್, ಸೀಸ, ತವರ ಮೂರೂ ಕಚ್ಚಾಮಾಲಿನ ಜೊತೆ ಬಂದಿದ್ದವು. ಹೊಸ ಲೋಹದ ಹೀಟಿಗೆ ಬಂದದ್ದು ಹಾರಬಲ್ಲ ಎರಡೇ, ಗೋಡೆಯಿಂದ. ಆ 27 ತಾಸು ಹೊಸ ಲೋಹದ ತಪ್ಪಲ್ಲ, ಹಿಂದಿನ ರಿವರ್ಟ್ ಹೀಟುಗಳು ಕುಲುಮೆಯಲ್ಲಿ ಬಿಟ್ಟುಹೋದ ಎಂಜಲು. ನಾವು ರಿವರ್ಟನ್ನು ನಿರಪರಾಧಿ ಎಂದು ಬಿಡುಗಡೆ ಮಾಡಿದ್ದು ಅದೇ ಕೊಳೆ ಮಾಡಿಟ್ಟ ಕುಲುಮೆಯ ಸಾಕ್ಷ್ಯದ ಮೇಲೆ.

ಖಂಡೇಪೂಜೆಗೆ ಕುಲುಮೆಯ ಹೊರಮೈ ತಿಕ್ಕಿ ತೊಳೆದಿದ್ದರು. ಒಳಗೆ ಕೈ ಹಾಕಿದವರಿರಲಿಲ್ಲ. ಮುಚ್ಚಳ ತೆಗೆಸಿ ಮಸಿಯನ್ನು ಕೆರೆದು ಕಳಿಸಿದೆವು. ಅದರಲ್ಲಿ ಬಿಸ್ಮತ್ ಇತ್ತು, ಸೀಸ ಇತ್ತು, ಜೊತೆಗೆ ನಾವು ಯಾರೂ ನಿರೀಕ್ಷಿಸದ ಒಂದು: ಕ್ಯಾಡ್ಮಿಯಂ. ಅದು 767 ಡಿಗ್ರಿಗೇ ಕುದಿಯುವ ಲೋಹ. ಹಾಗಾಗಿ ಎರಕದಲ್ಲಿ ಅದರ ಸುಳಿವೇ ಉಳಿದಿರಲಿಲ್ಲ.

ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ನಾಲ್ಕೂ ಒಟ್ಟಿಗೆ ಎಲ್ಲಿ ಸಿಗುತ್ತವೆ? ಮೊದಲು ಬೆಸುಗೆ ತಂತಿ ಎಂದುಕೊಂಡೆವು, ಆದರೆ ಸಾಮಾನ್ಯ ಬೆಸುಗೆ ತಂತಿಯಲ್ಲಿ ಬಿಸ್ಮತ್ ಇರುವುದಿಲ್ಲ. ಅಕ್ಕಾರು ಒಂದು ಮಧ್ಯಾಹ್ನ ಸ್ಟೋರಿನ ದಾಖಲೆ ಪುಸ್ತಕ ತರಿಸಿಕೊಂಡು ಜೂನ್‌ನಿಂದ ಆಗಸ್ಟ್‌ವರೆಗಿನ ಪ್ರತಿ ಸಾಲನ್ನೂ ಓದುತ್ತಾ ಕೂತರು. ಎರಕದ ವಿಭಾಗದ್ದಷ್ಟೇ ಅಲ್ಲ, ಎಲ್ಲ ವಿಭಾಗದ್ದೂ. ಜುಲೈ ಮಧ್ಯದಲ್ಲಿ ಒಂದು ಸಾಲು: ಕಡಿಮೆ ಬಿಸಿಗೆ ಕರಗುವ ಲೋಹ, 5 ಕೆ.ಜಿ., ಮಷಿನ್ ಶಾಪಿಗೆ.

ಪಕ್ಕದ ಶೆಡ್ಡು

ಮಷಿನ್ ಶಾಪು ಇದ್ದದ್ದು ಅಂಗಳದ ಆಚೆ. ಎರಕದವರಿಗೂ ಅವರಿಗೂ ಊಟದ ಹೊತ್ತಿನ ನಂಟು ಬಿಟ್ಟರೆ ಬೇರೆ ಇಲ್ಲ. ಮೇಸ್ತ್ರಿಯನ್ನು ಕೇಳಿದರೆ ಹೆಮ್ಮೆಯಿಂದಲೇ ಹೇಳಿದ. ಚಕ್ರದ ರೆಕ್ಕೆಗಳು ತೆಳ್ಳಗೆ. ಲೇತಿನಲ್ಲಿ ಹೊರಮೈ ಕೊರೆಯುವಾಗ ನಡುಗಿ ಮಾಲು ಹಾಳಾಗುತ್ತಿತ್ತು. ಎಲ್ಲೋ ಕೇಳಿ ತಿಳಿದು ಈ ಉಪಾಯ ತಂದದ್ದು ಅವನೇ.

"ರೆಕ್ಕಿ ನಡುವ ಇದನ್ನ ಕರಗಿಸಿ ಹಾಕಿಬಿಡೂದ್ರೀ ಸರ. ಗಟ್ಟಿಯಾಗಿ ಹಿಡ್ಕೋತೈತಿ, ನಡುಗೂದಿಲ್ಲ. ಕೆಲಸ ಮುಗಿದ ಮ್ಯಾಲೆ ಬಿಸಿನೀರಾಗ ಎದ್ದಿದ್ರ ತಾನ ಇಳದು ಹೋಗ್ತೈತಿ. ನೋಡ್ರಿಲ್ಲೆ" ಅಂದವನೇ ಒಂದು ತುಂಡನ್ನು ಕುದಿನೀರಿನ ಡಬ್ಬಿಗೆ ಹಾಕಿದ. ಚಹಾದಷ್ಟು ಬಿಸಿಗೇ ಅದು ಪಾದರಸದಂತೆ ತಳಕ್ಕೆ ಜಾರಿತು. ವುಡ್ಸ್ ಮೆಟಲ್ ಎಂದು ಪುಸ್ತಕಗಳಲ್ಲಿ ಬರುವ ಲೋಹವಿದು. ಬಿಸ್ಮತ್ ಶೇ. 50, ಸೀಸ ಶೇ. 26.7, ತವರ ಶೇ. 13.3, ಕ್ಯಾಡ್ಮಿಯಂ ಶೇ. 10. 70 ಡಿಗ್ರಿಗೆ ಕರಗುತ್ತದೆ. ತೆಳ್ಳನೆಯ ಬ್ಲೇಡುಗಳನ್ನು ಹಿಡಿಯಲು ಬೇರೆ ಕಡೆಯೂ ಬಳಸುವ ಹಳೆಯ ಪದ್ಧತಿಯೇ. ಯಾರಾದರೂ ಮೆಚ್ಚುವ ಉಪಾಯ. ಆ ತಿಂಗಳು ತಿರಸ್ಕೃತ ಮಾಲು ಕಡಿಮೆಯಾಗಿ ಮೇಸ್ತ್ರಿಗೆ ಶಾಬಾಸ್ ಸಿಕ್ಕಿತ್ತು.

ಆದರೂ ತಿರಸ್ಕೃತವಾದ ಕೆಲವು ಚಕ್ರಗಳು ಅಂಗಳ ದಾಟಿ ರಿವರ್ಟಿನ ಡ್ರಮ್ಮಿಗೆ ಬರುತ್ತಿದ್ದವು. ಮಾರುವ ಮಾಲನ್ನು ಚೆನ್ನಾಗಿ ತೊಳೆಯುತ್ತಿದ್ದರು, ಎಸೆಯುವುದನ್ನು ಯಾರು ಅಷ್ಟು ನೋಡುತ್ತಾರೆ? ಡ್ರಮ್ಮಿನಿಂದ ಒಂದು ಚಕ್ರ ತೆಗೆದು ರೆಕ್ಕೆಯ ಸಂದಿಯನ್ನು ಚಾಕುವಿನಿಂದ ಕೆರೆದೆ. ಬೂದು ಬಣ್ಣದ ಪೊರೆ. ಕೆರೆದದ್ದನ್ನು ಅದೇ ಡಬ್ಬಿಗೆ ಹಾಕಿದರೆ ಸಣ್ಣ ಹನಿಗಳಾಗಿ ದುಂಡಗಾಯಿತು. ಅಕ್ಕಾರು ತವರದ ಏರಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರು. 4 ಪಿಪಿಎಂ ತವರ ತಂದಷ್ಟು ಲೋಹ ಹೀಟಿಗೆ ಒಂದೂವರೆ ಗ್ರಾಂ. ಪ್ರತಿ ಹೀಟಿಗೆ ಇಂಥ 12 ಚಕ್ರ ಹೋಗುತ್ತಿದ್ದರೆ ಚಕ್ರಕ್ಕೆ 125 ಮಿಲಿಗ್ರಾಂ. ನನ್ನ ಚಾಕು ಕೆರೆದದ್ದೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆ ಒಂದೂವರೆ ಗ್ರಾಂನಲ್ಲಿ ಬಿಸ್ಮತ್ 15 ಪಿಪಿಎಂ ಆಗುವಷ್ಟಿತ್ತು. ಅದರ ಐದರಲ್ಲಿ ನಾಲ್ಕು ಪಾಲನ್ನು ನಿರ್ವಾತ ಹಾರಿಸಿತ್ತು. ಉಳಿದ ಒಂದು ಪಾಲೇ ಇಷ್ಟು ಮಾಡಿತು.

ಇನ್ನೂ ಹಾರಬಹುದಿತ್ತು. ಕರಗುವಾಗ ಲೋಹ ಚಿಮ್ಮಿ ನೋಡುವ ಗಾಜಿಗೆ ಬಡಿಯುತ್ತದೆಂದು ಕುಲುಮೆಯ ಹುಡುಗ ಬೇಗನೆ ಆರ್ಗಾನ್ ಬಿಡುತ್ತಿದ್ದ. ಅನಿಲದ ಒತ್ತಡ ಮೇಲೆ ಕೂತರೆ ಆವಿ ಏಳುವುದು ನಿಧಾನವಾಗುತ್ತದೆ. ಅವನಿಗೆ ಹಾಗೆ ಮಾಡಬೇಡ ಎಂದು ಯಾರೂ ಹೇಳಿರಲಿಲ್ಲ, ನಾನೂ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕ್ಯಾಡ್ಮಿಯಂ ವಿಷ. ಅದರ ಹೊಗೆ ಪುಪ್ಪುಸಕ್ಕೂ ಮೂತ್ರಪಿಂಡಕ್ಕೂ ಕೆಟ್ಟದ್ದು. ಮಷಿನ್ ಶಾಪಿನ ಹುಡುಗರು ಅದನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದರು, ಒಮ್ಮೊಮ್ಮೆ ಅವಸರಕ್ಕೆ ಗ್ಯಾಸ್ ಜ್ವಾಲೆಯಲ್ಲಿ ಕರಗಿಸುತ್ತಿದ್ದರು. ಚಕ್ರಗಳ ತಾಸಿನ ಚಿಂತೆಯಲ್ಲಿ ನಾವು ಎರಡು ತಿಂಗಳು ಕಳೆದಿದ್ದೆವು. ಈ ಹುಡುಗರ ಚಿಂತೆ ಬಂದದ್ದು ಮಸಿಯ ವರದಿ ಬಂದ ಮೇಲೆ.

ತೀರ್ಮಾನಗಳು

ಕ್ಯಾಡ್ಮಿಯಂ ಲೋಹವನ್ನು ಅಂದೇ ನಿಲ್ಲಿಸಿ, ರೆಕ್ಕೆ ಹಿಡಿಯಲು ಮೇಣದಂಥ ಪದಾರ್ಥಕ್ಕೆ ಬದಲಾಯಿಸಿದರು. ಮೇಸ್ತ್ರಿ ಗೊಣಗಿದ, ಅದು ಅಷ್ಟು ಗಟ್ಟಿ ಹಿಡಿಯುವುದಿಲ್ಲ. ನಿಜವೇ, ಒಂದು ಕೊರೆತದ ಬದಲು ಎರಡು ಬೇಕಾಯಿತು. ಕುಲುಮೆಯ ಒಳಮೈಯನ್ನು ಮುಖವಾಡ ಹಾಕಿಕೊಂಡು ಎರಡು ದಿನ ಕೆರೆದು, ಧೂಳು ಹೀರಿ ತೆಗೆದರು. ಲೋಹ ಕರಗಿಸುವ ಮೂಸೆ, ಅಂದರೆ ಕ್ರೂಸಿಬಲ್, ಹೊಸದು. ಲೋಹ ಪೂರ್ತಿ ಕರಗಿದ ಮೇಲೆ 25 ನಿಮಿಷ ಪೂರ್ಣ ನಿರ್ವಾತದಲ್ಲಿ ಹಿಡಿದೇ ಮುಂದಿನ ಕೆಲಸ ಎಂದು ನಿಯಮವಾಯಿತು.

ಜಗಳ ಆದದ್ದು ಡ್ರಮ್ಮಿನಲ್ಲಿ ಉಳಿದ ಸುಮಾರು 300 ಕೆ.ಜಿ. ರಿವರ್ಟಿನ ಬಗ್ಗೆ. ಪೊರೆ ಇರುವ ಚಕ್ರಗಳು, ಪೊರೆ ಇಲ್ಲದ ಹರಿನಾಳಗಳು, ಆಗಲೇ ಕೆಟ್ಟ ಹೀಟುಗಳಿಂದ ಬಂದ ಬುಡಗಳು ಎಲ್ಲ ಕಲಸಿಹೋಗಿದ್ದವು. "ಆಸಿಡ್ನಾಗ ತೊಳದ ಬಳಸೂಣ್ರೀ ಸರ, ಇಷ್ಟು ನಿಕ್ಕಲ್ ಯಾರರ ಬಿಡ್ತಾರೇನ್ರಿ?" ಎಂದು ಮಾಲಕರು. ಆಸಿಡ್ಡಿನಿಂದ ಪೊರೆ ಹೋದೀತು, ಆದರೆ ಕೆಟ್ಟ ಹೀಟಿನ ಬುಡದ ಒಳಗೇ ಬೆರೆತ ಬಿಸ್ಮತ್ ಹೋಗುವುದಿಲ್ಲ, ಮತ್ತು ಯಾವುದು ಯಾವುದೆಂದು ಈಗ ಹೇಳುವವರಿಲ್ಲ. ಬೇಡ ಅಂದೆ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಡ್ರಮ್ಮುಗಳ ಮೇಲೆ ಕೆಂಪು ಬಣ್ಣ ಬಳಿಸಿ ಕುಲುಮೆಯಿಂದ ದೂರ ಸರಿಸಿದರು. ಅಂದಿನಿಂದ ರಿವರ್ಟಿಗೆ ಎರಡು ಡ್ರಮ್ಮು. ಎರಕದಿಂದ ನೇರ ಬಂದದ್ದು ಒಂದಕ್ಕೆ, ಲೇತು ಮುಟ್ಟಿ ಬಂದದ್ದು ಇನ್ನೊಂದಕ್ಕೆ. ಎರಡನೆಯದು 713ಸಿಗೆ ಹೋಗುವುದಿಲ್ಲ.

ಕೆರೆದ ಕುಲುಮೆಯಲ್ಲಿ ಬರೀ ಹೊಸ ಲೋಹದ ಹೀಟು 51 ತಾಸು ನಿಂತಿತು, ಜಗ್ಗಿದ್ದು ಶೇ. 6.5. ಶುದ್ಧ ರಿವರ್ಟ್ ಶೇ. 40 ಹಾಕಿದ್ದು 46 ತಾಸು.

ಇದಕ್ಕಿಂತ ಕಷ್ಟದ ತೀರ್ಮಾನ ಇನ್ನೊಂದಿತ್ತು. ಪರೀಕ್ಷೆ ಐದು ಹೀಟಿಗೊಮ್ಮೆ. ಜುಲೈ ಮಧ್ಯದಿಂದ ಆಗಸ್ಟ್ ಕೊನೆಯ ನಡುವೆ ಪರೀಕ್ಷೆಯಾಗದ ಮೂರು ಹೀಟುಗಳ 87 ಚಕ್ರಗಳು ಗಿರಾಕಿಗೆ ಹೋಗಿಬಿಟ್ಟಿದ್ದವು. ಕಾಗದದ ಪ್ರಕಾರ ಯಾವ ತಪ್ಪೂ ಇಲ್ಲ. ಹೇಳಿದರೆ ಆರ್ಡರು ಹೋಗಬಹುದು. ಮಾಲಕರು ಒಂದು ಸಂಜೆ ಉಣಕಲ್ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿಕೊಂಡು ನನಗೆ ಫೋನು ಮಾಡಿ ತಾಸುಗಟ್ಟಲೆ ಮಾತಾಡಿದರು. ನಾನು ಹೇಳಿದ್ದಕ್ಕಿಂತ ಅವರ ತಾಯಿ ಹೇಳಿದ್ದು ಕೆಲಸ ಮಾಡಿತೆಂದು ಆಮೇಲೆ ತಿಳಿಯಿತು. ಮರುದಿನ ಮೂರೂ ವರದಿಗಳನ್ನು ಸೇರಿಸಿ ಗಿರಾಕಿಗೆ ಪತ್ರ ಹೋಯಿತು. ಅವರ ಉಗ್ರಾಣದಲ್ಲೇ ಇದ್ದ 62 ಚಕ್ರ ವಾಪಸು ಬಂದವು. ಉಳಿದ 25 ಎಂಜಿನ್ನುಗಳಲ್ಲಿ ಓಡುತ್ತಿದ್ದವು. ಅವನ್ನು ಹುಡುಕಿ ಬದಲಾಯಿಸಲು ಗಿರಾಕಿಗೆ ನಾಲ್ಕು ತಿಂಗಳು ಹಿಡಿಯಿತು, ಖರ್ಚಿನಲ್ಲಿ ಅರ್ಧ ಘಟಕದ ತಲೆಗೆ. ಆರ್ಡರು ಉಳಿಯಿತು, ಆದರೆ ಈಗ ಪ್ರತಿ ಹೀಟಿಗೂ ಪರೀಕ್ಷೆ, ರಿವರ್ಟಿನ ಪ್ರತಿ ಡ್ರಮ್ಮಿಗೂ ಬಿಸ್ಮತ್ ವರದಿ.

ಕೆಂಪು ಡ್ರಮ್ಮುಗಳನ್ನೂ ವಾಪಸು ಬಂದ ಚಕ್ರಗಳನ್ನೂ ಕೊನೆಗೆ ಗುಜರಿಗೆ ಹಾಕಿದರು. ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲಿಗೆ ಕರಗಿಸಿಕೊಳ್ಳುವವರಿಗೆ ಅಷ್ಟು ಬಿಸ್ಮತ್ ಲೆಕ್ಕಕ್ಕೇ ಇಲ್ಲ. ತಕ್ಕಡಿಯ ಮೇಲೆ ಚಕ್ರಗಳನ್ನು ಸುರಿಯುವಾಗ ಗುಜರಿಯವನು ಒಂದನ್ನು ಎತ್ತಿ ತಿರುಗಿಸಿ ನೋಡಿ, "ಅಣ್ಣಾರ, ಇಷ್ಟು ಚಂದ ಮಾಲ್, ಒಂದು ಗೀರಿಲ್ಲ. ಯಾಕ ಮಾರಾಕತ್ತೀರಿ?" ಅಂದ. ಮಾಲಕರು ಉತ್ತರ ಕೊಡಲಿಲ್ಲ. ಅಕ್ಕಾರು ತೂಕದ ಚೀಟಿಯ ಮೇಲೆ "713ಸಿಗೆ ಬಳಸಕೂಡದು" ಎಂದು ಬರೆದು ಅವನ ಸಹಿ ಹಾಕಿಸಿಕೊಂಡರು.